ಗಾಡಿ ಮಿಸ್ಸಿಂಗ್ ಹೊಡೆದರೆ ಹೆಡ್ ಇಳಿಸಲು ಒಪ್ಪಬೇಡಿ, ಮೊದಲು ಚೆಕ್ ಮಾಡಿಸಿ

ಪೆಟ್ರೋಲ್, ಸಿಎನ್‌ಜಿ ಎರಡರಲ್ಲೂ ಓಡುವ ಹಳೇ ಪಿಕಪ್ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಚಿಕ್ಕಪ್ಪನ ಗಾಡಿಗೆ ಮಂಡ್ಯದ ಒಂದು ಗ್ಯಾರೇಜಿನಲ್ಲಿ ಆದ ಗತಿ ಇನ್ನೊಬ್ಬರಿಗೆ ಆಗಬಾರದು. ಡೀಸೆಲ್ ಗಾಡಿಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗೂ ಇಲ್ಲ, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ಲೂ ಇಲ್ಲ, ಅದರ ಕಥೆ ಬೇರೆ.

ಚಿಕ್ಕಪ್ಪ ಮದ್ದೂರು ಮಾರ್ಕೆಟ್ಟಿನಿಂದ ಎಳನೀರು ತುಂಬಿಕೊಂಡು ಮೈಸೂರಿನ ಅಂಗಡಿಗಳಿಗೆ ಹಾಕುತ್ತಾರೆ. ಚಾಮುಂಡಿ ಬೆಟ್ಟದ ಮೇಲಿನ ಒಂದೆರಡು ಅಂಗಡಿಗೂ ಅವರದೇ ಮಾಲು. ತೊಂದರೆ ಗೊತ್ತಾಗಿದ್ದೇ ಬೆಟ್ಟ ಹತ್ತುವಾಗ. ಗ್ಯಾಸಿನಲ್ಲಿ, ಅಂದರೆ ಸಿಎನ್‌ಜಿಯಲ್ಲಿ ಓಡಿಸಿದರೆ ಗಾಡಿ ಮಿಸ್ಸಿಂಗ್ ಹೊಡೆಯುತ್ತಿತ್ತು (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತದೆ ಎಂಜಿನ್ ತಡವರಿಸುವುದು), ಎಳೆತವೇ ಇರಲಿಲ್ಲ. ಪೆಟ್ರೋಲಿಗೆ ಹಾಕಿದರೆ ಮಿಸ್ಸಿಂಗ್ ಕಮ್ಮಿ. ಆದರೆ ಆಕ್ಸಿಲರೇಟರ್ ಒತ್ತಿದ ತಕ್ಷಣ ಎಂಜಿನ್ನಿನಿಂದ ಕಟಕಟ ಸದ್ದು, ಡಬ್ಬಿಯಲ್ಲಿ ಚಿಲ್ಲರೆ ಅಲ್ಲಾಡಿಸಿದ ಹಾಗೆ. ಗ್ಯಾರೇಜಿನವರು ನಾಕಿಂಗ್ ಅನ್ನುವುದು ಇದನ್ನೇ.

ಗ್ಯಾರೇಜಿನವನು ಬಾನೆಟ್ ಎತ್ತಿದ, ಒಂದೆರಡು ಸಲ ರೇಸ್ ಮಾಡಿದ. "ಎಂಜಿನ್ ಕೂತೋಗದೆ ಕಣಣ್ಣೋ, ಹೆಡ್ ಇಳಿಸ್ಲೇಬೇಕು" ಅಂದ. ಹೆಡ್ ಅಂದರೆ ಸಿಲಿಂಡರುಗಳನ್ನು ಮುಚ್ಚುವ ಎಂಜಿನ್ನಿನ ಮೇಲ್ಭಾಗ. ಗಾಡಿಯ ಕಂಪ್ಯೂಟರಿನಿಂದ ತೊಂದರೆಯ ಕೋಡ್ ಓದುವ ಸ್ಕ್ಯಾನರ್ ಹಾಕಲಿಲ್ಲ. ಪ್ಲಗ್ ಬಿಚ್ಚಿ ನೋಡಲಿಲ್ಲ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಆದರೂ ಚೆಕ್ ಮಾಡಪ್ಪ ಅಂತ ಚಿಕ್ಕಪ್ಪ ಕೇಳಿದರು. "ಸೌಂಡ್ ಕೇಳಿದ್ರೇ ಗೊತ್ತಾಯ್ತದೆ ಬುಡಣ್ಣ" ಅಂತ ಮಾತು ಮುಗಿಸಿದ. ಹೆಡ್ ಇಳಿಯಿತು. ವಾಲ್ವ್ ಗ್ರೈಂಡಿಂಗ್, ಹೆಡ್ ಫೇಸಿಂಗ್ (ಹೆಡ್ಡಿನ ಕೆಳಮುಖ ಉಜ್ಜಿ ಸಮ ಮಾಡುವುದು), ಹೊಸ ಪಿಸ್ಟನ್ ರಿಂಗು, ಹೊಸ ಪ್ಲಗ್ಗು ಎಲ್ಲ ಆಯಿತು. ಮೂವತ್ತು ಸಾವಿರದ ಮೇಲೆ ಬಿಲ್ಲು. ಒಳ್ಳೇ ಬೇಸಿಗೆ ವ್ಯಾಪಾರದಲ್ಲಿ ಬಾಡಿಗೆ ಗಾಡಿಗೆ ಸುರಿದ ದುಡ್ಡು ಬೇರೆ.

ಇಷ್ಟಾದ ಮೇಲೂ ಬೆಟ್ಟದ ಬುಡ ದಾಟುವಷ್ಟರಲ್ಲಿ ಅದೇ ಮಿಸ್ಸಿಂಗ್. ಕಟಕಟ ಅಂತೂ ಮೊದಲಿಗಿಂತ ಜಾಸ್ತಿ. ಕೇಳಲು ಹೋದರೆ "ಪೆಟ್ರೋಲಿಗೆ ಎಥನಾಲ್ ಬೆರೆಸ್ತಾವ್ರೆ, ನಾವೇನ್ ಮಾಡೋದು" ಅನ್ನುವ ಉತ್ತರ. ಇದನ್ನು ನಂಬಬೇಡಿ. ಎಥನಾಲ್‌ನ ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಪೆಟ್ರೋಲಿಗಿಂತ ಜಾಸ್ತಿ, ಆಕ್ಟೇನ್ ಏರಿದಷ್ಟೂ ನಾಕಿಂಗ್ ಕಮ್ಮಿಯಾಗಬೇಕು. ಹಳೇ ಗಾಡಿಯಲ್ಲಿ ಎಥನಾಲ್‌ನಿಂದ ರಬ್ಬರ್ ಪೈಪು ಹಾಳಾಗಬಹುದು, ಮೈಲೇಜ್ ಇಳಿಯಬಹುದು, ಅದು ನಿಜ. ಆದರೆ ಕಟಕಟ ಸದ್ದಿಗೆ ಅದನ್ನು ಹೊಣೆ ಮಾಡಿ ಕೈ ತೊಳೆದುಕೊಳ್ಳುವುದು ಅನ್ಯಾಯ.

ಕೊನೆಗೆ ಮೈಸೂರಿನ ಬನ್ನಿಮಂಟಪದ ಕಡೆ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಒಯ್ದೆವು. ಆ ಭಾಯಿ ಸ್ಪ್ಯಾನರ್ ಮುಟ್ಟುವ ಮೊದಲೇ ಕೇಳಿದರು: "ಮಿಸ್ಸಿಂಗ್ ಯಾವುದ್ರಲ್ಲಿ, ಸೌಂಡ್ ಯಾವುದ್ರಲ್ಲಿ?" ಉತ್ತರ ಕೇಳಿ, ಇವು ಎರಡು ಬೇರೆ ಕಾಯಿಲೆ ಇರಬೇಕು ಅಂದರು.

ಸ್ಕ್ಯಾನರ್ ಹಾಕಿದಾಗ ಪಿ0303 ಅಂತ ಬಂತು. ಅಂದರೆ ಮೂರನೇ ಸಿಲಿಂಡರ್ ಮಿಸ್ ಆಗುತ್ತಿದೆ. ಅದರ ಕಾಯಿಲ್, ಕಾಯಿಲ್‌ನಿಂದ ಪ್ಲಗ್ಗಿಗೆ ಕೂರುವ ರಬ್ಬರ್ ಬೂಟ್, ಪ್ಲಗ್ ಮೂರನ್ನೂ ಒಂದನೇ ಸಿಲಿಂಡರಿಗೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ತಂದರು. ಒಂದು ಸುತ್ತು ಓಡಿಸಿ ಬಂದಾಗ ಕೋಡ್ ಪಿ0301 ಆಗಿತ್ತು. ಭಾಗದ ಜೊತೆ ತೊಂದರೆಯೂ ಜಾಗ ಬದಲಾಯಿಸಿತು, ಅಲ್ವಾ? ಹಾಗಾದರೆ ಮಿಸ್ಸಿಂಗ್‌ಗೆ ಕಾರಣ ಎಂಜಿನ್ ಒಳಗಿಲ್ಲ. ಆ ಪ್ಲಗ್ ಕೈಗೆ ಕೊಟ್ಟು ತೋರಿಸಿದರು. ಬಿಳೀ ಪಿಂಗಾಣಿಯ ಮೇಲೆ ಮೇಲಿನಿಂದ ಕೆಳಗೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ. ಬೂಟ್ ಒಳಗೆ ಟಾರ್ಚ್ ಬಿಟ್ಟರೆ ಅಲ್ಲೂ ಅದೇ ಗೆರೆ. ಸ್ಪಾರ್ಕ್ ತುದಿಗೆ ಹೋಗದೆ ಈ ದಾರಿಯಲ್ಲಿ ಸೋರಿ ಹೋಗುತ್ತಿತ್ತು. ಹಳೇ ಬೂಟ್ ಹಾಗೇ ಬಿಟ್ಟು ಹೊಸ ಪ್ಲಗ್ ಹಾಕಿದ್ದರಿಂದ ಹೊಸದರ ಮೇಲೂ ಗೆರೆ ಬಿದ್ದಿತ್ತು. ಗ್ಯಾಸ್ ಹೊತ್ತಿಸಲು ಪೆಟ್ರೋಲಿಗಿಂತ ಜಾಸ್ತಿ ವೋಲ್ಟೇಜ್ ಬೇಕು. ಅದಕ್ಕೇ ಗ್ಯಾಸಿನಲ್ಲೇ ಮಿಸ್ಸಿಂಗ್ ಹೆಚ್ಚು.

ಇನ್ನು ಕಟಕಟ. ಪೆಟ್ರೋಲ್ ಲೈನಿಗೆ ಪ್ರೆಶರ್ ಗೇಜ್ ಹಾಕಿ ಆಕ್ಸಿಲರೇಟರ್ ತುಳಿದಾಗ ಮುಳ್ಳು ಕೆಳಗಿಳಿಯಿತು. ಗ್ಯಾಸಿನಲ್ಲೇ ಓಡುವ ಗಾಡಿಯಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ನಿಂತಿತ್ತು, ಫಿಲ್ಟರ್ ಕಟ್ಟಿಕೊಂಡಿತ್ತು. ಲೋಡ್ ಬಿದ್ದಾಗ ಪೆಟ್ರೋಲ್ ಸಾಲದೆ ಒಳಗೆ ಬಿಸಿ ಏರಿ ನಾಕಿಂಗ್ ಆಗುತ್ತಿತ್ತು. ಅದರ ಮೇಲೆ ಮೊದಲ ಗ್ಯಾರೇಜಿನವನು ಬೇರೆ ನಂಬರಿನ ಪ್ಲಗ್ ಹಾಕಿದ್ದ, ಈ ಎಂಜಿನ್ನಿಗೆ ಅದು ತೀರಾ ಬಿಸಿ ಪ್ಲಗ್, ಅಂದರೆ ತನ್ನ ತುದಿಯ ಬಿಸಿಯನ್ನು ಬೇಗ ಬಿಟ್ಟುಕೊಡದ ಪ್ಲಗ್. ಎನ್‌ಜಿಕೆ ಕಂಪನಿಯ ಪ್ಲಗ್ ನಂಬರಿನಲ್ಲಿ ಬಿಸಿಯ ಮಟ್ಟ ಹೇಳುವ ಅಂಕಿ ಚಿಕ್ಕದಾದಷ್ಟೂ ಪ್ಲಗ್ ಬಿಸಿ, ಬಾಷ್ ಕಂಪನಿಯದರಲ್ಲಿ ತಿರುಗುಮುರುಗು. ಮ್ಯಾನುಯಲ್‌ನಲ್ಲಿರುವ ನಂಬರ್ ಬಿಟ್ಟು ಬೇರೆ ಹಾಕಿಸಬೇಡಿ. ಹೆಡ್ ಫೇಸಿಂಗ್ ಮಾಡಿದರೆ ಕಂಪ್ರೆಷನ್ ಕೂಡ ಸ್ವಲ್ಪ ಏರುತ್ತದೆ. ಬೇಡದ ಕೆಲಸ ಮಾಡಿ ಸದ್ದನ್ನು ಅವರೇ ಜಾಸ್ತಿ ಮಾಡಿದ್ದರು!

ಕಾಯಿಲ್, ಬೂಟ್, ಸರಿಯಾದ ಪ್ಲಗ್, ಫಿಲ್ಟರ್ ಎಲ್ಲ ಸೇರಿದರೂ ಮೊದಲ ಬಿಲ್ಲಿನ ಕಾಲು ಭಾಗ ಮುಟ್ಟಲಿಲ್ಲ. ಗಾಡಿ ಈಗ ಎರಡರಲ್ಲೂ ಬೆಟ್ಟ ಹತ್ತುತ್ತಿದೆ.

ನಿಮ್ಮ ಗಾಡಿಯಲ್ಲಿ ಇಂಥದ್ದು ಕಂಡರೆ, ಮಿಸ್ಸಿಂಗ್ ಯಾವಾಗ, ಯಾವ ಇಂಧನದಲ್ಲಿ, ಲೋಡ್ ಇದ್ದಾಗಲೋ ಖಾಲಿ ಇದ್ದಾಗಲೋ ಅಂತ ಗುರುತು ಇಟ್ಟುಕೊಳ್ಳಿ. ಹೆಡ್ ಅನ್ನುವ ಮಾತು ಬಂದರೆ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಗೇಜಿನಲ್ಲಿ ತೋರಿಸಲು ಹೇಳಿ. ಹೆಚ್ಚು ಹೊತ್ತಿನ ಕೆಲಸ ಏನಲ್ಲ. ಮಾಡಲ್ಲ ಅಂದರೆ ಗಾಡಿ ತಿರುಗಿಸಿ. ರಿಪೇರಿ ಆಗುವ ತನಕ ಕಟಕಟ ಅಂದಾಗ ಆಕ್ಸಿಲರೇಟರ್ ಸಡಿಲಿಸಿ ಒಂದು ಗೇರ್ ಇಳಿಸಿ, ಹಾಗೇ ತುಳಿದರೆ ಪಿಸ್ಟನ್ನೇ ಹೋಗಬಹುದು. ಎಂಜಿನ್ ಚೆಕ್ ಲೈಟ್ ಮಿಣುಕುತ್ತಿದ್ದರೆ ಸುಮ್ನೆ ಓಡಿಸಬೇಡಿ. ಸುಡದೆ ಹೋದ ಇಂಧನ ಸೈಲೆನ್ಸರ್ ಕಡೆಯ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದನ್ನೂ ಹಾಳು ಮಾಡುತ್ತದೆ.

ತೆಗೆದ ಹಳೇ ಸಾಮಾನು, ಜಿಎಸ್‌ಟಿ ಬಿಲ್ಲು ಎರಡನ್ನೂ ಕೇಳಿ ಪಡೆಯಿರಿ. ಚಿಕ್ಕಪ್ಪ ಕೇಳಿದರೂ ರಿಂಗು ಬಿಸಾಡಿದೆವು ಅಂದರು, ಕೈಬರಹದ ಚೀಟಿ ಕೊಟ್ಟರು. ಆ ಚೀಟಿ, ಯುಪಿಐ ದಾಖಲೆ, ಎರಡನೇ ಮೆಕ್ಯಾನಿಕ್ ಬರೆದುಕೊಟ್ಟ ಕಾಗದ ಸೇರಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇವೆ. 5 ಲಕ್ಷದ ಒಳಗಿನ ದೂರಿಗೆ ಶುಲ್ಕ ಇಲ್ಲ, 2 ವರ್ಷದೊಳಗೆ ಕೊಡಬೇಕು. ಮೊದಲು ಮಾತಾಡಿ ವಿಚಾರಿಸಬೇಕು ಅಂದರೆ ಗ್ರಾಹಕರ ಸಹಾಯವಾಣಿ 1915 ಇದೆ.