ವಾಟರ್-ಟು-ಏರ್ ಇಂಟರ್‌ಕೂಲರ್ ಕಿಟ್: ಕೋರ್ ಚೊಲೊ ಐತಿ, ನೀರಿನ ಲೈನ್ ಮಾತ್ರ ಬೆಳಗಾವಿಯ ಉದ್ಯಮಬಾಗದಲ್ಲೇ ಮಾಡಿಸಿ

ಬ್ರ್ಯಾಂಡ್ ಹೆಸರಿಲ್ಲದೆ ಆನ್‌ಲೈನ್‌ನಲ್ಲಿ ಸಿಗುವ ಕಿಟ್ ಇದು. ಟರ್ಬೊ ಒತ್ತಿದಾಗ ಬಿಸಿಯಾಗುವ ಗಾಳಿಯನ್ನು ಎಂಜಿನ್‌ಗೆ ಹೋಗುವ ಮೊದಲು ನೀರಿನಿಂದ ತಂಪು ಮಾಡುವುದು ಇದರ ಕೆಲಸ. ಡಬ್ಬಿಯಲ್ಲಿ ಅಲ್ಯೂಮಿನಿಯಂ ಬಾರ್-ಅಂಡ್-ಪ್ಲೇಟ್ ಕೋರ್ (ಗಾಳಿಯ ಶಾಖ ನೀರಿಗೆ ದಾಟುವ ಭಾಗ), ಬಂಪರ್ ಹಿಂದೆ ಕೂರಿಸುವ ಚಿಕ್ಕ ರೇಡಿಯೇಟರ್, 12 ವೋಲ್ಟ್ ಪಂಪ್, 2 ಲೀಟರ್ ಟ್ಯಾಂಕ್, 19 ಮಿ.ಮೀ. ಹೋಸ್, ವೈರ್ ಮತ್ತು ಒಂದು ಮುಷ್ಟಿ ಕ್ಲಾಂಪ್ ಬರುತ್ತವೆ. ಕೂರಿಸಿದ್ದು 2.0 ಟಿಎಸ್‌ಐ ಎಂಜಿನ್‌ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ಗೆ. ಟ್ಯೂನ್ ಆದ ಮೇಲೆ ಸುಮಾರು 300 ಎಚ್‌ಪಿ ಗುರಿ, ಬೂಸ್ಟ್ (ಹೊರಗಿನ ಗಾಳಿಯ ಒತ್ತಡದ ಮೇಲೆ ಟರ್ಬೊ ಸೇರಿಸುವ ಒತ್ತಡ) 1.2 ಬಾರ್.

ಕೋರ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಪಂಪ್, ಟ್ಯಾಂಕ್, ಕ್ಲಾಂಪ್, ವೈರ್ ನಾಲ್ಕನ್ನೂ ಬದಲಿಸಲೇಬೇಕು. ರೇಡಿಯೇಟರ್ ಈ ಪವರ್‌ಗೆ ಸಣ್ಣದಾಯಿತು. ಮಾರುವವರು ಕೋರ್ ಒಂದನ್ನೇ ಕೊಡಲು ಒಪ್ಪಿದರೆ ಅಷ್ಟನ್ನೇ ತೆಗೆದುಕೊಳ್ಳಿ.

ಪಂಪ್ ಮತ್ತು ಟ್ಯಾಂಕ್ ಬಗ್ಗೆ ಇಷ್ಟು ಹಟ ಯಾಕೆ ಅನ್ನುವುದಕ್ಕೆ ಲೆಕ್ಕವೇ ಉತ್ತರ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ 0.92 ಬಾರ್ ಆಸುಪಾಸು. 1.2 ಬಾರ್ ಬೂಸ್ಟ್ ಅಂದರೆ ಟರ್ಬೊ ಗಾಳಿಯನ್ನು 2.3 ಪಟ್ಟು ಒತ್ತಬೇಕು. ಅದೇ ಬೂಸ್ಟ್‌ಗೆ ಗೋವಾದಲ್ಲಿ 2.2 ಪಟ್ಟು ಸಾಕು. ಹೊರಗೆ 35 ಡಿಗ್ರಿ ಇದ್ದು ಕಂಪ್ರೆಸರ್ 70 ಶೇಕಡಾ ದಕ್ಷತೆಯಲ್ಲಿ ಕೆಲಸ ಮಾಡಿದರೂ ಟರ್ಬೊದಿಂದ ಹೊರಬರುವ ಗಾಳಿ 150 ಡಿಗ್ರಿ ದಾಟುತ್ತದೆ. 300 ಎಚ್‌ಪಿಗೆ ಸೆಕೆಂಡಿಗೆ ಸುಮಾರು 0.23 ಕೆಜಿ ಗಾಳಿ ಬೇಕು. ಅದನ್ನು 150ರಿಂದ 50 ಡಿಗ್ರಿಗೆ ಇಳಿಸಬೇಕಾದರೆ ಹತ್ತಿರಹತ್ತಿರ 23 ಕಿಲೋವ್ಯಾಟ್ ಶಾಖ ನೀರಿಗೆ ಹೋಗಬೇಕು.

ಈಗ ನೀರಿನ ಕಡೆ ನೋಡಿ. ನಿಮಿಷಕ್ಕೆ 15 ಲೀಟರ್ ನೀರು ಹರಿದರೆ ಆ ಶಾಖಕ್ಕೆ ಕೋರ್ ಒಳಗೆ ನೀರು 22 ಡಿಗ್ರಿ ಏರುತ್ತದೆ. ಬರೀ 8 ಲೀಟರ್ ಹರಿದರೆ 41 ಡಿಗ್ರಿ ಏರುತ್ತದೆ. ಅಂದರೆ ಕೋರ್‌ನ ಅರ್ಧ ಭಾಗ ಬಿಸಿನೀರಿನಲ್ಲೇ ಗಾಳಿ ತಂಪು ಮಾಡಲು ಒದ್ದಾಡುತ್ತಿರುತ್ತದೆ. ಕಿಟ್‌ನ ಪಂಪ್ ಇಡೀ ಲೈನ್ ಜೋಡಿಸಿದ ಮೇಲೆ ಈ 8 ಲೀಟರ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಲೇಬಲ್ ಮೇಲಿನ ಅಂಕಿ ನಂಬಬೇಡಿ, ಅದು ಮುಂದೆ ಏನೂ ತಡೆ ಇಲ್ಲದಾಗ ಬರುವ ಹರಿವು. ಅಳೆಯುವುದು ಸುಲಭ: ಟ್ಯಾಂಕ್‌ಗೆ ವಾಪಸ್ ಬರುವ ಹೋಸನ್ನು ಬಿಚ್ಚಿ ಬಕೆಟ್‌ಗೆ ಬಿಡಿ, ಟ್ಯಾಂಕ್ ಖಾಲಿಯಾಗದಂತೆ ಒಬ್ಬರು ನೀರು ಸುರಿಯುತ್ತಿರಲಿ, 30 ಸೆಕೆಂಡ್ ಪಂಪ್ ಓಡಿಸಿ. 7 ಲೀಟರ್ ಮೇಲೆ ಬಂದರೆ ಪಂಪ್ ಸರಿ ಇದೆ. 4 ಲೀಟರ್ ಬಂದರೆ ಅದನ್ನು ಕಾರಿಗೆ ಹಾಕಬೇಡಿ. ಇಂಟರ್‌ಕೂಲರ್‌ಗೆಂದೇ ಕಾರ್ ಕಂಪನಿಗಳು ಬಳಸುವ ಬಾಷ್ ಎಲೆಕ್ಟ್ರಿಕ್ ಪಂಪ್ ಹಾಕಿಸುವುದು ಒಳ್ಳೆಯದು. ಅದನ್ನೂ ಇದೇ ಬಕೆಟ್‌ನಲ್ಲಿ ಅಳೆದೇ ಕೂರಿಸಿ.

ಟ್ಯಾಂಕ್‌ನದೂ ಇದೇ ಕಥೆ. ಕಿಟ್‌ನ ಟ್ಯಾಂಕ್ ಸೇರಿ ಇಡೀ ಲೈನ್‌ನಲ್ಲಿ ಹಿಡಿಯುವುದು 4 ಲೀಟರ್ ಮಾತ್ರ. ಪೂರ್ತಿ ಆಕ್ಸಿಲರೇಟರ್ ಒತ್ತಿ 15 ಸೆಕೆಂಡ್ ಎಳೆದರೆ, ಮುಂದಿನ ರೇಡಿಯೇಟರ್ ಏನೂ ಮಾಡಲಿಲ್ಲವೆಂದುಕೊಂಡರೆ, ನೀರು 20 ಡಿಗ್ರಿ ಕಾಯುತ್ತದೆ. 8 ಲೀಟರ್ ಇದ್ದರೆ 10 ಡಿಗ್ರಿ. ಆದ್ದರಿಂದ 6 ಲೀಟರ್‌ನ ಟ್ಯಾಂಕನ್ನು 3 ಮಿ.ಮೀ. ಅಲ್ಯೂಮಿನಿಯಂ ಶೀಟ್‌ನಲ್ಲಿ ಟಿಗ್ ವೆಲ್ಡ್ ಮಾಡಿಸಿ. ಫೌಂಡ್ರಿ, ಮಷಿನ್ ಶಾಪ್‌ಗಳೇ ತುಂಬಿರುವ ಉದ್ಯಮಬಾಗದಲ್ಲಿ ಈ ಕೆಲಸಕ್ಕೆ ಕೈ ಪಳಗಿದವರಿದ್ದಾರೆ, ಪುಣೆಗೆ ಓಡುವ ಅಗತ್ಯವಿಲ್ಲ. ಟ್ಯಾಂಕ್ ಒಳಗೆ ಒಂದು ಅಡ್ಡ ತಗಡು ಇರಲಿ. ವಾಪಸ್ ಬರುವ ನೀರು ನೇರವಾಗಿ ಪಂಪ್‌ನ ಬಾಯಿಗೆ ಬಿದ್ದರೆ ನೊರೆಯೂ ಜೊತೆಗೆ ಹೋಗುತ್ತದೆ. ಅದೇ ಕೈಯಲ್ಲಿ ಕೋರ್‌ನಿಂದ ಗಾಳಿ ಹೊರಬರುವ ಕಡೆ ಟೆಂಪರೇಚರ್ ಸೆನ್ಸರ್‌ಗೆ ಒಂದು ಬಂಗ್ (ಸೆನ್ಸರ್ ತಿರುಗಿಸಿ ಕೂರಿಸುವ ಮರೆಯಿರುವ ಬಳೆ) ವೆಲ್ಡ್ ಮಾಡಿಸಿಬಿಡಿ, ಕಿಟ್‌ನಲ್ಲಿ ಅದು ಇಲ್ಲ.

ಕೋರ್ ಕಾರಿಗೆ ಹತ್ತುವ ಮೊದಲು ಪ್ರೆಶರ್ ಟೆಸ್ಟ್ ಆಗಲೇಬೇಕು. ಈ ಇಡೀ ಕೆಲಸದಲ್ಲಿ ಎಂಜಿನ್ ಕೊಲ್ಲುವ ಅಪಾಯ ಇರುವುದು ಇಲ್ಲೊಂದೇ ಕಡೆ. ಕೋರ್ ಒಳಗೆ ನೀರಿನ ಹಾದಿ ಸೋರಿದರೆ, ಬೂಸ್ಟ್ ಇರುವಾಗ ಗಾಳಿ ನೀರಿಗೆ ನುಗ್ಗುತ್ತದೆ, ಎಂಜಿನ್ ನಿಲ್ಲಿಸಿದ ಮೇಲೆ ನೀರು ಇನ್‌ಟೇಕ್‌ಗೆ ಇಳಿಯುತ್ತದೆ. ಮರುದಿನ ಸ್ಟಾರ್ಟ್ ಮಾಡಿದಾಗ ಸಿಲಿಂಡರ್‌ನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನ ಎರಡು ಬಾಯಿಗಳಲ್ಲಿ ಒಂದನ್ನು ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಟ್ಯೂಬ್‌ನ ವಾಲ್ವ್ ಕೂರಿಸಿ 1.5 ಬಾರ್ ಗಾಳಿ ತುಂಬಿ, ಕೋರನ್ನು ನೀರಿನ ಟಬ್‌ನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಮೊದಮೊದಲು ಫಿನ್‌ಗಳ ನಡುವೆ ಸಿಕ್ಕಿದ್ದ ಗಾಳಿ ಗುಳ್ಳೆಯಾಗಿ ಏಳುತ್ತದೆ, ಅದಕ್ಕೆ ಹೆದರಬೇಡಿ. ಕೋರನ್ನು ಒಮ್ಮೆ ಅಲುಗಾಡಿಸಿ ಐದು ನಿಮಿಷ ಬಿಟ್ಟ ಮೇಲೂ ಒಂದೇ ಜಾಗದಿಂದ ಸಾಸಿವೆ ಗಾತ್ರದ ಗುಳ್ಳೆ ಸಾಲಾಗಿ ಏಳುತ್ತಿದ್ದರೆ ಅದು ಸೋರಿಕೆ. ಅಂಥ ಕೋರನ್ನು ವೆಲ್ಡ್ ಮಾಡಿಸಿ ಉಳಿಸಿಕೊಳ್ಳುವ ಆಸೆ ಬೇಡ, ವಾಪಸ್ ಕಳಿಸಿ. ಕಾರ್ ಓಡತೊಡಗಿದ ಮೇಲೂ ಬೂಸ್ಟ್ ಬಂದಾಗಲೆಲ್ಲ ಟ್ಯಾಂಕ್‌ನಲ್ಲಿ ಗುಳ್ಳೆ ಕಂಡರೆ ಅಲ್ಲಿಗೇ ಎಂಜಿನ್ ಬಂದ್ ಮಾಡಿ.

ಜೋಡಣೆಯ ಕ್ರಮ: ಟ್ಯಾಂಕ್, ಪಂಪ್, ಕೋರ್, ಮುಂದಿನ ರೇಡಿಯೇಟರ್, ಮತ್ತೆ ಟ್ಯಾಂಕ್. ಹೀಗಿದ್ದರೆ ಅತಿ ಬಿಸಿ ನೀರು ನೇರ ರೇಡಿಯೇಟರ್‌ಗೆ ಹೋಗುತ್ತದೆ, ಟ್ಯಾಂಕ್‌ನಲ್ಲಿ ಯಾವಾಗಲೂ ತಂಪಾದ ನೀರು ಉಳಿಯುತ್ತದೆ. ಎಂಜಿನ್ ಕೂಲಂಟ್ ಲೈನ್‌ಗೆ ಇದನ್ನು ಸೇರಿಸುವ ಸಲಹೆ ಕೊಡುವವರೂ ಇದ್ದಾರೆ, ಅದು ಪೂರ್ತಿ ತಪ್ಪು. ಅಲ್ಲಿಯ ನೀರು 90 ಡಿಗ್ರಿ ಇರುತ್ತದೆ. ಪಂಪ್ ತಾನಾಗಿ ನೀರು ಎಳೆದುಕೊಳ್ಳುವ ಜಾತಿಯದಲ್ಲ, ಟ್ಯಾಂಕ್‌ನ ತಳಕ್ಕಿಂತ ಕೆಳಗೇ ಕೂರಬೇಕು. ಕೋರ್‌ಗೆ ನೀರು ಕೆಳಗಿನ ಬಾಯಿಂದ ಒಳಗೆ, ಮೇಲಿನ ಬಾಯಿಂದ ಹೊರಗೆ. ಉಲ್ಟಾ ಕೊಟ್ಟರೆ ಮೇಲೆ ಗಾಳಿ ಸಿಕ್ಕಿಬಿದ್ದು ಕೋರ್‌ನ ಒಂದು ಭಾಗ ಒಣಗಿಯೇ ಇರುತ್ತದೆ. ಗಾಳಿಯ ಪೈಪ್‌ಗಳ ತುದಿಗೆ ಬೀಡ್ (ಹೋಸ್ ಜಾರದಂತೆ ತಡೆಯುವ ಉಬ್ಬು) ಇಲ್ಲದಿದ್ದರೆ ಹಾಕಿಸಿ, ವರ್ಮ್ ಕ್ಲಾಂಪ್ ತೆಗೆದು ಟಿ-ಬೋಲ್ಟ್ ಕ್ಲಾಂಪ್ ಹಾಕಿ. ನುಣುಪಾದ ಪೈಪ್ ಮೇಲೆ ಸಿಲಿಕಾನ್ ಹೋಸ್ 1.2 ಬಾರ್‌ಗೆ ನಿಲ್ಲುವುದಿಲ್ಲ.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಯಾಟರಿಯಿಂದ ಫ್ಯೂಸ್ ಮೂಲಕ ರಿಲೇಯ 30ನೇ ಪಿನ್‌ಗೆ, 87ರಿಂದ ಪಂಪ್‌ಗೆ, 86ಕ್ಕೆ ಇಗ್ನಿಷನ್, 85 ಅರ್ಥ್. 2.5 ಚದರ ಮಿ.ಮೀ. ವೈರ್ ಸಾಕು. ಬೆಳಗಾವಿ ಮಳೆಗೆ ಸೀಲ್ ಇಲ್ಲದ ಕನೆಕ್ಟರ್ ಹಸಿರುಗಟ್ಟುತ್ತದೆ, ಬಂಪರ್ ಒಳಗಿನ ಕನೆಕ್ಟರ್ ಎಲ್ಲವೂ ವಾಟರ್‌ಪ್ರೂಫ್ ಇರಲಿ.

ಡಿಸ್ಟಿಲ್ಡ್ ವಾಟರ್ ಹಾಕಿ, ಅದಕ್ಕೆ 20 ಶೇಕಡಾ ಕೂಲಂಟ್ ಬೆರೆಸಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಕೂಲಂಟ್ ಬೇಕಿರುವುದು ತುಕ್ಕು ತಡೆಯಲು ಮಾತ್ರ. ಜಾಸ್ತಿ ಗ್ಲೈಕಾಲ್ ಹಾಕಿದಷ್ಟೂ ನೀರು ಶಾಖ ಹೊರುವುದು ಕಡಿಮೆಯಾಗುತ್ತದೆ. ಬೋರ್‌ವೆಲ್ ನೀರು ಬೇಡವೇ ಬೇಡ, ಗಡಸು ನೀರಿನ ಸುಣ್ಣ ಕೋರ್‌ನ ಸಣ್ಣ ಹಾದಿಗಳಲ್ಲಿ ಕಟ್ಟಿಕೊಂಡರೆ ತೆಗೆಯಲಾಗದು. ತುಂಬುವಾಗ ಕಾರಿನ ಮುಂಭಾಗವನ್ನು ಜ್ಯಾಕ್ ಮೇಲೆ ಎತ್ತಿ ಟ್ಯಾಂಕ್‌ನ ಬಾಯಿ ಎಲ್ಲಕ್ಕಿಂತ ಎತ್ತರ ಇರುವಂತೆ ನೋಡಿಕೊಳ್ಳಿ. ಮುಚ್ಚಳ ತೆಗೆದೇ ಪಂಪ್ ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಹೋಸ್‌ಗಳನ್ನು ಕೈಯಿಂದ ಹಿಸುಕಿ, ಮತ್ತೆ ಓಡಿಸಿ. ಪಂಪ್‌ನ ಗರಗರ ಸದ್ದು ಹೋಗಿ ಸಣ್ಣ ಗುಂಯ್‌ಗುಡುವಿಕೆ ಉಳಿದು, ಟ್ಯಾಂಕ್‌ನಲ್ಲಿ ನೀರು ಸುಳಿ ತಿರುಗತೊಡಗಿದರೆ ಗಾಳಿ ಹೋಯಿತು ಅಂತ ಅರ್ಥ.

ಟೆಸ್ಟ್‌ಗೆ ಚೋರ್ಲಾ ಘಾಟ್‌ನಷ್ಟು ಕಠಿಣ ರಸ್ತೆ ಹತ್ತಿರದಲ್ಲಿ ಇನ್ನೊಂದಿಲ್ಲ. ಗೋವಾ ಕಡೆಯಿಂದ ವಾಪಸ್ ಏರುವಾಗ ವೇಗ ಕಡಿಮೆ, ಟರ್ಬೊಗೆ ಕೆಲಸ ಜಾಸ್ತಿ, ಗ್ರಿಲ್‌ಗೆ ಬರುವ ಗಾಳಿ ತೀರಾ ಕಡಿಮೆ. ಓಬಿಡಿಯಲ್ಲಿ (ಕಾರಿನ ಕಂಪ್ಯೂಟರ್ ಓದುವ ಸಾಕೆಟ್) ಇನ್‌ಟೇಕ್ ಟೆಂಪರೇಚರ್ ಲಾಗ್ ಮಾಡಲು ಒಬ್ಬರು ಪಕ್ಕದಲ್ಲಿ ಕೂತಿರಲಿ. ಒತ್ತಿದ ಐದು ಸೆಕೆಂಡ್ ಒಳಗೇ ಉಷ್ಣಾಂಶ ಜಿಗಿದರೆ ಹರಿವು ಸಾಲದು, ಪಂಪ್ ಅಥವಾ ಗಾಳಿ ಗುಳ್ಳೆ ನೋಡಿ. ಒಂದೊಂದು ತಿರುವಿಗೂ ಸ್ವಲ್ಪಸ್ವಲ್ಪ ಏರುತ್ತಾ ಹೋಗಿ ಇಳಿಯದೆ ನಿಂತರೆ ತಪ್ಪು ಮುಂದಿನ ರೇಡಿಯೇಟರ್‌ನದು. ಕಿಟ್‌ನ ರೇಡಿಯೇಟರ್ ಸೋಲುವುದು ಇಲ್ಲೇ. ನಗರದಲ್ಲಿ, ಹೈವೇಯಲ್ಲಿ ಅದರ ಕೊರತೆ ತಿಳಿಯುವುದಿಲ್ಲ, ಘಾಟ್‌ನಲ್ಲಿ ತಿಳಿಯುತ್ತದೆ. 600×200 ಮಿ.ಮೀ. ಅಳತೆಯ, 40 ಮಿ.ಮೀ. ದಪ್ಪದ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿ, ಸುತ್ತಲ ಸಂದುಗಳನ್ನು ಫೋಮ್‌ನಿಂದ ಮುಚ್ಚಿ. ಸಂದು ಬಿಟ್ಟರೆ ಗಾಳಿ ಫಿನ್ ಒಳಗೆ ಹೋಗದೆ ಪಕ್ಕದಿಂದ ಹೋಗುತ್ತದೆ.

ವಿಜಯಪುರ, ಬಾಗಲಕೋಟೆ ಕಡೆಯವರು ಇದಕ್ಕಿಂತ ದಪ್ಪದ್ದು ಹಾಕಿಸುವ ಮೊದಲು ಯೋಚಿಸಿ. ಎಸಿ ಕಂಡೆನ್ಸರ್ ಇದರ ಹಿಂದೆಯೇ ಇರುತ್ತದೆ. ಮೇ ತಿಂಗಳ 40 ಡಿಗ್ರಿಯಲ್ಲಿ ಅದಕ್ಕೆ ಗಾಳಿ ತಡೆದರೆ ಮೊದಲು ಎಸಿ, ಆಮೇಲೆ ಎಂಜಿನ್ ಟೆಂಪರೇಚರ್ ಕೈಕೊಡುತ್ತದೆ. ನೀರು ಹೊರಗಿನ ಗಾಳಿಗಿಂತ ತಂಪಾಗುವುದಂತೂ ಸಾಧ್ಯವಿಲ್ಲ. ಹಾಗಾಗಿ ಅಲ್ಲಿ ಬೇಸಿಗೆಯಲ್ಲಿ ಇನ್‌ಟೇಕ್ 50 ಡಿಗ್ರಿ ಸಿಕ್ಕರೆ ಸಿಸ್ಟಮ್ ಸರಿಯಾಗಿಯೇ ಇದೆ, ಟ್ಯೂನ್ ಕೂಡ ಆ ಅಂಕಿಗೆ ತಕ್ಕಂತೆ ಇರಲಿ. ಟ್ಯಾಂಕ್‌ಗೆ ಐಸ್ ಹಾಕುವುದು ಡ್ರ್ಯಾಗ್ ರೇಸ್‌ಗೆ ಸರಿ: 3 ಕೆಜಿ ಐಸ್ ಕರಗಲು ಸುಮಾರು 1000 ಕಿಲೋಜೂಲ್ ಬೇಕು, ಪೂರ್ತಿ ಪವರ್‌ನಲ್ಲಿ ಅದು ಮುಕ್ಕಾಲು ನಿಮಿಷದ ಮಾತು.

ದಿನಾ ಆಫೀಸಿಗೆ ಓಡುವ, ಬಂಪರ್ ಹಿಂದೆ ಜಾಗವೂ ಇರುವ ಕಾರಿಗೆ ನೀರಿಲ್ಲದೆ ಹೊರಗಿನ ಗಾಳಿಯಿಂದಲೇ ತಂಪು ಮಾಡುವ ದೊಡ್ಡ ಏರ್-ಟು-ಏರ್ ಕೋರೇ ಮೇಲು. ಪಂಪ್ ಇಲ್ಲ, ಸೋರುವ ಭಯವಿಲ್ಲ. ಎಂಜಿನ್ ಬದಿಯಲ್ಲೇ ಗಾಳಿಯ ದಾರಿ ಗಿಡ್ಡ ಇರಬೇಕು, ಆಕ್ಸಿಲರೇಟರ್ ಒತ್ತಿದ ಕೂಡಲೇ ಬೂಸ್ಟ್ ಬರಬೇಕು ಅನ್ನುವವರಿಗೆ, ಮುಂದೆ ದಪ್ಪ ಪೈಪ್ ಒಯ್ಯಲು ಜಾಗವಿಲ್ಲದವರಿಗೆ ವಾಟರ್-ಟು-ಏರ್ ಸರಿ. ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ. ಆರ್‌ಟಿಒ ಮತ್ತು ಇನ್ಶೂರೆನ್ಸ್ ಎರಡೂ ಕಡೆ ಕೇಳಿಕೊಂಡೇ ಕೈಹಾಕಿ.

ಹಾಕಿಸಿಕೊಂಡವರು ಕಬ್ಬಿನ ಹಂಗಾಮಿನಲ್ಲಿ ವಾರಕ್ಕೊಮ್ಮೆ ಗ್ರಿಲ್ ಒಳಗೆ ಟಾರ್ಚ್ ಹಾಕಿ ನೋಡಿ. ಟ್ರ್ಯಾಕ್ಟರ್‌ನಿಂದ ಉದುರಿದ ರವದಿ (ಕಬ್ಬಿನ ಒಣಗರಿ) ಫಿನ್‌ಗೆ ಮೆತ್ತಿಕೊಂಡಿರುತ್ತದೆ. ಪ್ರೆಶರ್ ವಾಶರ್ ಹತ್ತಿರದಿಂದ ಹೊಡೆದರೆ ಫಿನ್ ಮಡಚುತ್ತವೆ, ಮೆತ್ತನೆ ಬ್ರಶ್ ಮತ್ತು ಸಾದಾ ಪೈಪ್ ನೀರು ಸಾಕು.