ಗುಡ್ಡೆ ತೋಟದಲ್ಲಿ ಮಿನಿ ಟ್ರಾಕ್ಟರ್: ನಾಲ್ಕು ಮಳೆಗಾಲದ ಅನುಭವ

ಕಾಸರಗೋಡು ಜಿಲ್ಲೆಯ ಬೆಳ್ಳೂರು ಪಂಚಾಯತಿಯಲ್ಲಿ ನನಗಿರುವುದು ಮೂರೂವರೆ ಎಕ್ರೆ ಅಡಿಕೆ ತೋಟ. ಅದರಲ್ಲಿ ಸಮತಟ್ಟಾದ ಜಾಗವೆಂದರೆ ಮನೆಯ ಅಂಗಳ ಮತ್ತು ತೋಡಿನ ಬದಿಯ ಹಳೆಯ ಗದ್ದೆ ಮಾತ್ರ. ಉಳಿದದ್ದೆಲ್ಲ ಮುರಕಲ್ಲಿನ ಗುಡ್ಡೆಯನ್ನು ಕಡಿದು ಅಜ್ಜನ ಕಾಲದಿಂದ ಒಂದೊಂದಾಗಿ ಮಾಡಿದ ತಟ್ಟುಗಳು. 2021ರ ಡಿಸೆಂಬರಿನಲ್ಲಿ ಕೊಂಡ 24 ಎಚ್‌ಪಿಯ ಫೋರ್ ವೀಲ್ ಡ್ರೈವ್ ಮಿನಿ ಟ್ರಾಕ್ಟರ್ ಇಲ್ಲಿ ನಾಲ್ಕು ಮಳೆಗಾಲ ಕಳೆದಿದೆ, ಗಂಟೆಯ ಮೀಟರು 1,140 ತೋರಿಸುತ್ತಿದೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನನ್ನ ದೂರುಗಳಲ್ಲಿ ಅರ್ಧ ಗಾಡಿಯವು, ಅರ್ಧ ನನ್ನ ಜಾಗದವು. ಹೆಸರು ಹಾಕಿದರೆ ಎರಡೂ ಕಂಪನಿಯ ಲೆಕ್ಕಕ್ಕೇ ಹೋಗುತ್ತವೆ.

ಇದಕ್ಕೆ ಮೊದಲು ಒಂಬತ್ತು ವರ್ಷ ನಮ್ಮಲ್ಲಿದ್ದದ್ದು 13 ಎಚ್‌ಪಿಯ ಪವರ್ ಟಿಲ್ಲರ್. ಗದ್ದೆ ಉಳುವ ಕಾಲಕ್ಕೆ ಅದರಷ್ಟು ಉಪಕಾರಿ ಬೇರೆ ಇರಲಿಲ್ಲ. ಗದ್ದೆಯೂ ತೋಟವಾದ ಮೇಲೆ ಅದಕ್ಕೇ ಟ್ರೈಲರ್ ಕಟ್ಟಿ ಹಟ್ಟಿಗೊಬ್ಬರ, ಸೊಪ್ಪು, ಅಡಿಕೆ ಗೊನೆ ಸಾಗಿಸತೊಡಗಿದೆವು, ಎಡವಟ್ಟಾದದ್ದು ಅಲ್ಲಿ. ಸಮತಟ್ಟಿನಲ್ಲಿ ಟಿಲ್ಲರಿನ ಎಡಗಡೆಯ ಸ್ಟಿಯರಿಂಗ್ ಕ್ಲಚ್ ಹಿಡಿದರೆ ಎಡಚಕ್ರಕ್ಕೆ ಶಕ್ತಿ ನಿಂತು ಗಾಡಿ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಹೊರೆ ಹಿಂದಿನಿಂದ ದೂಡುತ್ತಿರುವಾಗ ಅದನ್ನೇ ಹಿಡಿದರೆ, ಬಿಡುವಾದ ಎಡಚಕ್ರ ಮುಂದೋಡಿ, ಎಂಜಿನ್ ಹಿಡಿದುಕೊಂಡಿರುವ ಬಲಚಕ್ರ ಹಿಂದುಳಿದು, ಗಾಡಿ ಬಲಕ್ಕೆ ಹೋಗುತ್ತದೆ. ಹೊಸಬನಿಗೆ ಇದನ್ನು ಎಷ್ಟು ಬಾರಿ ಹೇಳಿಕೊಟ್ಟರೂ ಗಾಬರಿಯಾದಾಗ ಕೈ ಹಳೆಯ ಅಭ್ಯಾಸಕ್ಕೇ ಓಡುತ್ತದೆ. 2021ರ ಆಗಸ್ಟಿನಲ್ಲಿ ನಮ್ಮ ಟಿಲ್ಲರ್ ಗೊಬ್ಬರದ ಹೊರೆಯೊಂದಿಗೆ ಅಗಳಿಗೆ ಬಿತ್ತು. ಹಿಡಿದಿದ್ದವನು ಹಾರಿ ಪಾರಾದ. ನಾಲ್ಕು ಚಕ್ರದ ಗಾಡಿಯ ಮಾತು ಮನೆಯಲ್ಲಿ ಆ ಸಂಜೆಯೇ ಎದ್ದಿತು.

ಅಂಗಡಿಗೆ ಹೋಗುವ ಮೊದಲು ಜಾಗವನ್ನು ಅಳೆದದ್ದು ನಾನು ಮಾಡಿದ ಒಂದು ಬುದ್ಧಿವಂತ ಕೆಲಸ. ಹತ್ತು ಅಡಿಯ ಪಿವಿಸಿ ಪೈಪಿನ ಮೇಲೆ ಮೇಸ್ತ್ರಿಯ ರಸಮಟ್ಟ ಇಟ್ಟು, ಒಂದು ತುದಿಯನ್ನು ದಾರಿಗೆ ತಾಗಿಸಿ, ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಎತ್ತರವೆಂದು ನೋಡುವುದು. ಎರಡೂವರೆ ಅಡಿ ಬಂದರೆ ಶೇ 25ರ ಇಳಿಜಾರು, ಸುಮಾರು 14 ಡಿಗ್ರಿ. ನಮ್ಮ ಮುಖ್ಯ ದಾರಿಯಲ್ಲಿ ಎರಡು ಕಡೆ ಎರಡೂವರೆ ಅಡಿ ಬಂತು, ಹಲಸಿನ ಮರದ ಬುಡದ ತಿರುವಿನಲ್ಲಿ ಮೂರೂವರೆ ಅಡಿ, ಅಂದರೆ 19 ಡಿಗ್ರಿ. ಕಣ್ಣಿಗೆ ಎಲ್ಲವೂ ಒಂದೇ ತೆರನಾಗಿ ಕಾಣುತ್ತಿದ್ದವು.

ಆಗ ಪೇಟೆಯಲ್ಲಿದ್ದ ಗಾಡಿಗಳು ಎರಡು ವರ್ಗದವು. ಒಂದು, ಮಹೀಂದ್ರ ಯುವರಾಜ್ 215, ಸ್ವರಾಜ್ 717 ಮುಂತಾದ 15 ಎಚ್‌ಪಿಯ, ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಒಂಟಿ ಸಿಲಿಂಡರಿನ ಗಾಡಿಗಳು. ಇನ್ನೊಂದು, ಕುಬೋಟ ಬಿ 2441, ಮಹೀಂದ್ರ ಜಿವೋ 245ರಂತಹ, ನಾಲ್ಕೂ ಚಕ್ರ ಎಳೆಯುವ 24 ಎಚ್‌ಪಿಯ ಗಾಡಿಗಳು. ಈ ಎರಡನೆಯ ವರ್ಗದಲ್ಲಿ ಇನ್ನೂ ಹಲವು ಕಂಪನಿಗಳಿವೆ. ಅಂಗಡಿಯವರು ಗದ್ದೆಯಲ್ಲಿ ಮಣ್ಣು ಮಗುಚುವ ರೋಟವೇಟರ್ ಹಾಕಿ ಓಡಿಸಿ ತೋರಿಸಿದರು, ಒಂದು ಬರೆಯನ್ನು (ಮಣ್ಣಿನ ದಿಬ್ಬವನ್ನು) ಹತ್ತಿಸಿಯೂ ತೋರಿಸಿದರು. ನಾನು ಮರುಳಾಗುವವನೇ ಇದ್ದೆ. ಪುತ್ತೂರಿನ ಕಡೆ ಟ್ರಾಕ್ಟರ್ ಇಟ್ಟುಕೊಂಡಿರುವ ನನ್ನ ಭಾವ ಫೋನಿನಲ್ಲಿ, “ಮೇಲೆ ಎಲ್ಲ ಗಾಡಿಯೂ ಹೋಗ್ತದೆ ಭಾವ. ಹೊರೆ ಹಾಕಿ ಕೆಳಗೆ ಇಳಿಸಿ ನೋಡಿದ್ದೀರಾ?” ಎಂದು ಕೇಳಿದರು. ನೋಡಿರಲಿಲ್ಲ. ಪಿಕಪ್ಪಿನ ಬಾಡಿಗೆ ನಾನೇ ಕೊಡುತ್ತೇನೆಂದು ಒಪ್ಪಿಸಿ ಎರಡು ಗಾಡಿಗಳನ್ನು ತೋಟಕ್ಕೇ ತರಿಸಿದೆ. ಟೂ ವೀಲ್ ಡ್ರೈವ್ ಗಾಡಿ ಖಾಲಿ ಟ್ರೈಲರಿನೊಂದಿಗೆ ಸಲೀಸಾಗಿ ಹತ್ತಿತು. ಐದು ಕ್ವಿಂಟಲ್ ಹೊರೆಯೊಂದಿಗೆ ಇಳಿಯುವಾಗ ಬ್ರೇಕ್ ಒತ್ತಿದರೆ ಹಿಂದಿನ ಚಕ್ರಗಳು ಬಿಗಿದು ನಿಂತವು, ಗಾಡಿ ಮಾತ್ರ ನಿಲ್ಲದೆ ಜಾರಿತು.

ಇದರ ಕಾರಣ ಸರಳವಾದದ್ದು. ಇಂತಹ ಟ್ರಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಇಳಿಯುವಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ, ಬ್ರೇಕ್ ಇರುವ ಚಕ್ರಗಳಿಗೇ ನೆಲದ ಹಿಡಿತ ಕಡಿಮೆಯಾಗುತ್ತದೆ. ಫೋರ್ ವೀಲ್ ಡ್ರೈವಿನ ಲಿವರ್ ಹಾಕಿಟ್ಟರೆ ಮುಂದಿನ ಚಕ್ರಗಳು ಗೇರ್‌ಬಾಕ್ಸಿನ ಮೂಲಕ ಹಿಂದಿನವುಗಳಿಗೆ ಜೋಡಿಸಿಕೊಳ್ಳುತ್ತವೆ, ಹಾಗಾಗಿ ಎಂಜಿನ್ನಿನ ಹಿಡಿತವೂ ಬ್ರೇಕಿನ ಹಿಡಿತವೂ ನಾಲ್ಕೂ ಚಕ್ರಗಳಿಗೆ ಸಿಗುತ್ತವೆ. ಹತ್ತುವುದಕ್ಕೆಂದು ಜನ ಕೊಳ್ಳುವ ಆ ಲಿವರನ್ನು ನಾನು ಹೆಚ್ಚು ಬಳಸಿರುವುದು ಇಳಿಯುವುದಕ್ಕೆ. ಎಣ್ಣೆಯಲ್ಲಿ ಮುಳುಗಿರುವ ಆಯಿಲ್ ಬ್ರೇಕ್ ಇರುವುದನ್ನೇ ಆರಿಸಿದ್ದಕ್ಕೂ ಪಶ್ಚಾತ್ತಾಪವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಿನಲ್ಲೇ ಓಡಿಯೂ ಅದು ಒಮ್ಮೆಯೂ ಬಿಗಿ ಕಳೆದುಕೊಂಡಿಲ್ಲ.

ಇಷ್ಟೆಲ್ಲ ತಿಳಿದಿದ್ದೂ ಮೊದಲ ಮಳೆಗಾಲದಲ್ಲೇ ನಾನು ತಪ್ಪು ಮಾಡಿದೆ. ಹಲಸಿನ ಮರದ ತಿರುವಿನ ಮೇಲೆ ಮುರಕಲ್ಲಿಗೆ ಹಾವಸೆ ಹಿಡಿದಿತ್ತು. ಒದ್ದೆ ಗೊಬ್ಬರದ ಹೊರೆಯೊಂದಿಗೆ ಎರಡನೆಯ ಗೇರಿನಲ್ಲಿ ಇಳಿಯುತ್ತಿದ್ದವನು, ವೇಗ ಜಾಸ್ತಿಯಾಯಿತೆಂದು ಒಂದನೆಯ ಗೇರಿಗೆ ಹಾಕಲು ಕ್ಲಚ್ ತುಳಿದೆ. ಕ್ಲಚ್ ತುಳಿದ ಕ್ಷಣಕ್ಕೆ ಎಂಜಿನ್ನಿನ ಹಿಡಿತ ಹೋಯಿತು, ಟ್ರೈಲರ್ ಹಿಂದಿನಿಂದ ದೂಡಿತು, ಬ್ರೇಕ್ ತುಳಿದರೆ ಚಕ್ರಗಳು ಬಿಗಿದು ಗಾಡಿ ಹನ್ನೆರಡು ಅಡಿಯಷ್ಟು ಜಾರಿತು. ಟ್ರೈಲರಿನ ಮೂತಿ ಅಡ್ಡ ತಿರುಗಿ, ಮುಂದಿನ ಚಕ್ರ ಬರೆಗೆ ಬಡಿದು ನಿಂತಿತು. ಇಗ್ನಿಷನ್ ಕೀ ತಿರುಗಿಸಲು ಹೋದರೆ ಬೆರಳು ನಡುಗುತ್ತಿತ್ತು. ಅಂದಿನಿಂದ ಗೇರ್ ಹಾಕುವುದು ಇಳಿಜಾರಿನ ಮೇಲ್ತುದಿಯಲ್ಲಿ ಗಾಡಿ ನಿಲ್ಲಿಸಿಯೇ, ಹಿಂದಿನ ಎಡ, ಬಲ ಚಕ್ರಗಳಿಗೆ ಬೇರೆಬೇರೆಯಾಗಿರುವ ಎರಡು ಬ್ರೇಕ್ ಪೆಡಲ್‌ಗಳನ್ನೂ ಕೊಂಡಿ ಹಾಕಿ ಒಂದಾಗಿಸಿಯೇ. ನಡುವೆ ಕ್ಲಚ್ಚಿಗೆ ಕಾಲಿಡುವುದಿಲ್ಲ. ಗಾಡಿ ಮಗುಚಿದರೆ ಕುಳಿತವನನ್ನು ಕಾಯುವ ಉರುಳುಗಾವಲಿನ ಕಂಬಿಯನ್ನು (ರೋಲ್ ಬಾರ್) ಆ ವಾರವೇ ಬೇರೆ ಹಣ ಕೊಟ್ಟು ಕಂಪನಿಯಿಂದಲೇ ತರಿಸಿದೆ. ಅದು ಮಡಚುವಂಥದ್ದು, ಕೊಕ್ಕೋ ಗೆಲ್ಲುಗಳ ಅಡಿಯಲ್ಲಿ ನುಸುಳಬೇಕಾದಾಗ ಮಾತ್ರ ಬಗ್ಗಿಸುತ್ತೇನೆ. ಕಂಬಿ ಎತ್ತಿದ್ದರೆ ಬೆಲ್ಟ್ ಕಟ್ಟಬೇಕು, ಮಡಚಿದ್ದರೆ ಬೆಲ್ಟ್ ಕಟ್ಟಬಾರದು. ಮಡಚಿದ್ದಾಗ ಗಾಡಿ ಮಗುಚಿದರೆ ಕಟ್ಟಿಕೊಂಡವನು ಅಡಿಗೇ ಸಿಕ್ಕಿಬೀಳುತ್ತಾನೆ.

ಅಗಲದ ವಿಚಾರದಲ್ಲಿ ಗಾಡಿಯ ಗುಣವೇ ಅದರ ದೋಷವೂ ಹೌದು. ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನ ನಡುವೆ ಮೂರೂವರೆ ಅಡಿಯ ಗಾಡಿ ಆರಾಮವಾಗಿ ಹೋಗುತ್ತದೆ, ಆದರೆ ಅಷ್ಟೇ ಸುಲಭವಾಗಿ ಬದಿಗೆ ವಾಲುತ್ತದೆ. ಹಿಂದಿನ ಚಕ್ರಗಳ ರಿಮ್ ತಿರುಗಿಸಿ ಹಾಕಿಸಿ ಅಗಲವನ್ನು ಸ್ವಲ್ಪ ಹೆಚ್ಚಿಸಿಕೊಂಡೆ, ಹಿಂದಿನ ಟಯರುಗಳಿಗೆ ಮುಕ್ಕಾಲು ಭಾಗ ನೀರು ತುಂಬಿಸಿದೆ. ಭಾರ ಕೆಳಗೆ ಇಳಿದದ್ದು ಸೀಟಿನಲ್ಲಿ ಕುಳಿತವನಿಗೆ ಗೊತ್ತಾಗುತ್ತದೆ. ಹೀಗಿದ್ದರೂ ಇಳಿಜಾರಿಗೆ ಅಡ್ಡವಾಗಿ ಓಡಿಸುವುದಿಲ್ಲ.

ರೋಟವೇಟರ್ ಕೊಂಡದ್ದು ಶುದ್ಧ ದಂಡ. ಅಡಿಕೆಯ ಬೇರು ಮೇಲುಮೇಲಕ್ಕೇ ಹರಡಿರುತ್ತದೆ, ಮಣ್ಣು ಮಗುಚಿದರೆ ಬೇರು ಕಡಿದುಹೋಗುತ್ತದೆ. ಮಗುಚಿದ ಮಣ್ಣನ್ನು ನಮ್ಮ ಜೂನ್ ತಿಂಗಳ ಮಳೆ ತೋಡಿಗೆ ಒಯ್ಯುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಗುಡ್ಡೆಯ ಮಣ್ಣನ್ನು ಸಡಿಲ ಮಾಡುವುದೆಂದರೆ ಅದನ್ನು ಕಳುಹಿಸಿಕೊಟ್ಟಂತೆ. ಆ ರೋಟವೇಟರ್ ಈಗ ಹಟ್ಟಿಯ ಹಿಂದೆ ಕೋಳಿಗಳಿಗೆ ನೆರಳಾಗಿದೆ. ದುಡ್ಡು ದುಡಿದುಕೊಟ್ಟದ್ದು ಟಿಪ್ಪಿಂಗ್ ಟ್ರೈಲರ್, ಮತ್ತು ಪಿಟಿಒಗೆ (ಎಂಜಿನ್ನಿನ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ತಿರುಗುವ ದಂಡಕ್ಕೆ) ಕಟ್ಟುವ ಮದ್ದಿನ ಪಂಪು. ಕೊಳೆರೋಗಕ್ಕೆ ಮುಂಗಾರಿನ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಕಳೆದು ಇನ್ನೊಂದು ಸಲ ಬೋರ್ಡೋ ದ್ರಾವಣ ಬಿಡಬೇಕು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಷ್ಟು ದ್ರಾವಣವನ್ನು ಬ್ಯಾರಲಿನಲ್ಲಿ ತಟ್ಟಿನಿಂದ ತಟ್ಟಿಗೆ ಹೊರಿಸುವ ಕೆಲಸ ಈಗಿಲ್ಲ. ನಡುವಿನ ತಟ್ಟಿನಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ಗಾಡಿ ನಿಲ್ಲಿಸಿದರೆ ಉದ್ದದ ಪೈಪು ಮೇಲಕ್ಕೂ ಕೆಳಕ್ಕೂ ತಲುಪುತ್ತದೆ. ಮೂರು ದಿನದ ಕೆಲಸ ಒಂದೂವರೆ ದಿನಕ್ಕೆ ಇಳಿದಿದೆ.

ಖರ್ಚಿನ ಮಾತು. ಹೊರೆ ಸಾಗಿಸುವಾಗ ಗಂಟೆಗೆ ಎರಡು ಲೀಟರಿನಷ್ಟು ಡೀಸೆಲ್ ಕುಡಿಯುತ್ತದೆ. ಮೂರನೆಯ ವರ್ಷ ತೆಂಗಿನ ನಾರು ಮುಂದಿನ ಆಕ್ಸಿಲಿಗೆ ಸುತ್ತಿಕೊಂಡು ಆಯಿಲ್ ಸೀಲ್ ಹರಿಯಿತು. ಅಂಗೈಯೊಳಗೆ ಮುಚ್ಚಿಹೋಗುವ ಆ ರಬ್ಬರಿನ ಬಳೆಗಾಗಿ ಹದಿನೆಂಟು ದಿನ ಕಾದೆ, ಅದೂ ಜುಲೈಯಲ್ಲಿ. ಈಗ ಎರಡು ಸೀಲ್, ಒಂದು ಫ್ಯಾನ್ ಬೆಲ್ಟ್ ಮನೆಯಲ್ಲೇ ಇವೆ. ಸಹಾಯಧನದಲ್ಲಿ ನಾನು ಮೋಸ ಹೋದದ್ದು ಯಾರಿಂದಲೂ ಅಲ್ಲ, ನನ್ನ ಅವಸರದಿಂದ. ಕೇಂದ್ರದ ಯಾಂತ್ರೀಕರಣ ಯೋಜನೆಯಲ್ಲಿ ಸಣ್ಣ ಹಿಡುವಳಿದಾರರಿಗೆ ಅರ್ಧದವರೆಗೆ ಸಹಾಯಧನವಿದೆ, ಆದರೆ ಮಂಜೂರಾದ ಮೇಲೆಯೇ ಕೊಳ್ಳಬೇಕು. ಮಲಯಾಳದ ಫಾರ್ಮನ್ನು ನೆರೆಯವರಿಂದ ಓದಿಸಿಕೊಳ್ಳುವಷ್ಟು ತಾಳ್ಮೆ ನನಗೆ ಬರುವಾಗ ಗಾಡಿ ಅಂಗಳದಲ್ಲಿತ್ತು. ಸಾಲದ್ದಕ್ಕೆ 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಈಗ ಕೊಳ್ಳುವವರ ಅದೃಷ್ಟ.

ಗಾಡಿಗಿಂತ ಮೊದಲು ದಾರಿಗೆ ಹಣ ಹಾಕಬೇಕಿತ್ತು ಎಂಬುದು ಮಾತ್ರ ಈಗಲೂ ಕೊರೆಯುತ್ತದೆ. ಜಾರಿದ ಮರುವರ್ಷ ಜೆಸಿಬಿ ತರಿಸಿ ಹಲಸಿನ ಮರದ ತಿರುವನ್ನು ಬಿಟ್ಟು, ದಾರಿಯನ್ನು ಎರಡು ಬಾರಿ ತಿರುಗಿಸಿ ಉದ್ದ ಮಾಡಿದೆ. ಈಗ ಹತ್ತು ಅಡಿಯ ಪೈಪಿಗೆ ಎತ್ತರ ಒಂದೂವರೆ ಅಡಿ ದಾಟುವುದಿಲ್ಲ. ಚಕ್ರ ಓಡುವಲ್ಲಿ ಮಾತ್ರ ಎರಡು ಪಟ್ಟಿ ಕಾಂಕ್ರೀಟು, ಅದರ ಮೇಲೆ ಗೇಣಿಗೊಂದು ಅಡ್ಡ ಗೀರು. ಮೇಲಿನ ಎರಡು ತಟ್ಟುಗಳಿಗೆ ಅಷ್ಟು ದಾರಿ ಕಡಿಯಲು ಜಾಗವಿಲ್ಲ. ಅಲ್ಲಿಯ ಗೊನೆ ಈಗಲೂ ತಲೆಹೊರೆಯಲ್ಲಿ ಕೆಳಗಿಳಿದು ಬಂದು ಟ್ರೈಲರಿಗೆ ಬೀಳುತ್ತದೆ.