ನಿಕಾನ್ ಡಿ3500: ಓಡುವುದನ್ನು ಹಿಡಿಯಲು ಕಿಟ್ ಲೆನ್ಸ್ ಸಾಕೇ?

ಹೊಸದಾಗಿ ಕಲಿಯುವವರಿಗೆಂದು 2018ರಲ್ಲಿ ಬಂದ ನಿಕಾನ್ ಡಿ3500 ಕ್ಯಾಮೆರಾವನ್ನು, ಅದರ ಜೊತೆಗೇ ಸಿಗುತ್ತಿದ್ದ 18-55 ಎಂಎಂ ಕಿಟ್ ಲೆನ್ಸ್ ಒಂದನ್ನೇ ಹಾಕಿಕೊಂಡು, ಓಟ, ಜಿಗಿತ, ಸೈಕಲ್ ಸವಾರಿಯಂಥ ವೇಗದ ದೃಶ್ಯಗಳಿಗೆ ಬಳಸುತ್ತ ಬಂದಿದ್ದೇನೆ. ಒಳ್ಳೆಯ ಚಿತ್ರಗಳು ಖಂಡಿತ ಸಿಗುತ್ತವೆ. ಆದರೆ ದೂರದ್ದನ್ನು ಹತ್ತಿರ ತರುವ ಕೆಲಸವನ್ನು ಇಲ್ಲಿ ಬಹುಮಟ್ಟಿಗೆ ಕ್ರಾಪ್‌ಗೇ, ಅಂದರೆ ತೆಗೆದ ಚಿತ್ರದ ಅಂಚುಗಳನ್ನು ಕತ್ತರಿಸಿ ಬೇಕಾದ ಭಾಗವನ್ನಷ್ಟೇ ಉಳಿಸಿಕೊಳ್ಳುವುದಕ್ಕೇ, ಬಿಡಬೇಕಾಗುತ್ತದೆ, ಅದಕ್ಕೆ ಬೇಕಾದ ಸಿದ್ಧತೆಯನ್ನು ಕ್ಲಿಕ್ಕಿಸುವಾಗಲೇ ಮಾಡಿಕೊಂಡಿರಬೇಕು.

ಪ್ರತಿ ಚಿತ್ರ 6000×4000 ಪಿಕ್ಸೆಲ್‌ನದು. ಉದ್ದ, ಅಗಲ ಎರಡನ್ನೂ ಅರ್ಧಕ್ಕೆ ಇಳಿಸಿದರೂ 3000×2000 ಉಳಿಯುತ್ತದೆ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 10 ಇಂಚು ಅಗಲದ ಮುದ್ರಣಕ್ಕೆ ಅಷ್ಟು ಸಾಕು. ಜೂಮ್‌ನ ಕೊನೆಯಾದ 55 ಎಂಎಂನಲ್ಲಿ ತೆಗೆದದ್ದಕ್ಕೆ 110 ಎಂಎಂ ಲೆನ್ಸ್‌ನ ನೋಟ ಬಂದಂತಾಯಿತು. ಮೂರನೇ ಒಂದಕ್ಕೆ ಇಳಿಸಿದ ಚಿತ್ರ ಫೋನಿನ ಪರದೆಗೆ ಸರಿ, ಗೋಡೆಗೆ ಸಾಲದು.

ಕ್ರಾಪ್ ಮಾಡಿದಾಗ ಚಿತ್ರದ ಜೊತೆ ಅದರ ದೋಷವೂ ಹಿಗ್ಗುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅಡ್ಡಲಾಗಿ ಓಡುವ ನಾಯಿ, ಶಟರ್ 1/250 ಸೆಕೆಂಡ್ ತೆರೆದಿರುವಷ್ಟರಲ್ಲಿ 4 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಮೊದಮೊದಲು ತೆಗೆದ ಅಂಥದೊಂದು ಚಿತ್ರದಲ್ಲಿ, ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಚೊಕ್ಕವಾಗಿ ಕಂಡಿದ್ದ ಮೂತಿ, ಕಂಪ್ಯೂಟರಿನಲ್ಲಿ ಕ್ರಾಪ್ ಮಾಡಿದೊಡನೆ ಮೀಸೆಯ ಕೂದಲೆಲ್ಲ ಅಳಿಸಿಹೋದ ಬೂದು ಪಟ್ಟಿಯಾಗಿತ್ತು. ಅಂದಿನಿಂದ, ಶಟರ್ ವೇಗವನ್ನು ನಾವೇ ಆಯ್ದುಕೊಳ್ಳುವ ಎಸ್ ಮೋಡ್‌ನಲ್ಲಿ 1/1000ಕ್ಕಿಂತ ಕೆಳಗಿಳಿದಿಲ್ಲ. ಬಿಸಿಲಿದ್ದರೆ ತೊಂದರೆಯಿಲ್ಲ, ಸಂಜೆಯಾದರೆ, ಈ ಲೆನ್ಸ್‌ನ ಬೆಳಕಿನ ಕಿಂಡಿ 55 ಎಂಎಂನಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯದ ಕಾರಣ ಐಎಸ್‌ಒವನ್ನು (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವನ್ನು) 1600 ಅಥವಾ 3200ಕ್ಕೆ ಏರಿಸಬೇಕಾಗುತ್ತದೆ. ಆಗ ಮೂಡುವ ಕಾಳುಕಾಳಾದ ನಾಯ್ಸ್ ಸಹಿಸಬಹುದು, ಅಲುಗಿದ ಚಿತ್ರಕ್ಕೆ ಮದ್ದಿಲ್ಲ.

ಫೋಕಸ್ ವಿಷಯದಲ್ಲಿ ಈ ಕ್ಯಾಮೆರಾ ಕಲಿಸಿದ ಪಾಠ ನನಗೆ ಬಹಳ ಪ್ರಿಯವಾದದ್ದು. 11 ಫೋಕಸ್ ಬಿಂದುಗಳಲ್ಲಿ ಅಡ್ಡ, ಉದ್ದ ಎರಡೂ ಗೆರೆಗಳನ್ನು ಗುರುತಿಸಬಲ್ಲದ್ದು ನಡುವಿನದೊಂದೇ. ಹಾಗಾಗಿ ಚಲಿಸುವುದನ್ನು ಬಿಡದೆ ಹಿಂಬಾಲಿಸುವ ಎಎಫ್-ಸಿ ಫೋಕಸ್ ಆಯ್ದುಕೊಂಡು, ಆ ಬಿಂದುವನ್ನು ಓಡುವವನ ಎದೆಯ ಮೇಲಿಟ್ಟು, ಸುತ್ತ ಧಾರಾಳವಾಗಿ ಜಾಗ ಬಿಟ್ಟು ತೆಗೆಯುತ್ತೇನೆ. ಹೀಗೆ ತೆಗೆದ ಚಿತ್ರದಲ್ಲಿ ಆತ ನಟ್ಟನಡುವೆ ಸಿಕ್ಕಿಕೊಂಡಂತೆ ಕಾಣುತ್ತಾನೆ. ಹಿಂದಿನ ಖಾಲಿ ಜಾಗವನ್ನು ಕತ್ತರಿಸಿ, ಮುಂದಿನದನ್ನು ಉಳಿಸಿದಾಗ ಅವನಿಗೆ ಓಡಲು ದಾರಿ ತೆರೆದುಕೊಳ್ಳುತ್ತದೆ. ಕಾಲಿನ ತುದಿಯೋ ಚೆಂಡೋ ಚೌಕಟ್ಟಿನಾಚೆ ಹೋಗಿಬಿಟ್ಟಿದ್ದರೆ ಯಾವ ಕ್ರಾಪ್ ಕೂಡ ಅದನ್ನು ಮರಳಿ ತರಲಾರದು, ಆದ್ದರಿಂದ ಜೂಮ್ ಅನ್ನು ಕೊನೆಯವರೆಗೂ ಎಳೆಯುವ ಆಸೆಯನ್ನು ತಡೆದುಕೊಳ್ಳುವುದು ಒಳ್ಳೆಯದು.

ಗುಂಡಿ ಒತ್ತಿಹಿಡಿದಾಗ ಸಿಗುವ ಸೆಕೆಂಡಿಗೆ 5 ಚಿತ್ರಗಳ ವೇಗವನ್ನು ಮಾತ್ರ ನೆಚ್ಚಿಕೊಳ್ಳಬಾರದು. ಎರಡು ಚಿತ್ರಗಳ ನಡುವಿನ ಬಿಡುವಿನಲ್ಲಿ ಅದೇ ನಾಯಿ 2 ಮೀಟರ್ ದಾಟಿರುತ್ತದೆ. ಜಿಗಿತದ ತುತ್ತತುದಿಯಲ್ಲಿ ಮೈ ಏರುವುದೂ ಇಳಿಯುವುದೂ ಇಲ್ಲದ ಒಂದು ಗಳಿಗೆ ಇರುತ್ತದೆ. ಅದಕ್ಕಾಗಿ ಕಾದು ಒಮ್ಮೆ ಒತ್ತಿದ್ದರಿಂದಲೇ ನನಗೆ ಹೆಚ್ಚು ಚಿತ್ರಗಳು ದಕ್ಕಿವೆ.

ಮಂದ ಬೆಳಕಿನ ಒಳಾಂಗಣ ಕ್ರೀಡೆಗಳಿಗೆ ಈ ಜೋಡಿಯನ್ನು ನಾನು ಸೂಚಿಸಲಾರೆ. ಹಗಲಿನ ಮೈದಾನಕ್ಕೆ ಧೈರ್ಯವಾಗಿ ಕೊಂಡೊಯ್ಯಬಹುದು. ಮುಂದೆ ಉದ್ದದ ಲೆನ್ಸ್ ಕೊಳ್ಳುವವರು ಒಳಗೇ ಫೋಕಸ್ ಮೋಟಾರ್ ಇರುವ ಎಎಫ್-ಎಸ್ ಅಥವಾ ಎಎಫ್-ಪಿ ಗುರುತಿನದನ್ನೇ ನೋಡಿ ಕೊಳ್ಳಬೇಕು. ಈ ಕ್ಯಾಮೆರಾದ ಒಳಗೆ ಫೋಕಸ್ ಮೋಟಾರ್ ಇಲ್ಲದ ಕಾರಣ ಹಳೆಯ ಎಎಫ್ ಲೆನ್ಸ್‌ಗಳನ್ನು ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕಾಗುತ್ತದೆ.